ಪಾದ ನೋಡಿ ಮಜ್ಜಿಗೆ ಕೊಟ್ಟವಳಿಗೆ

ಅವ್ವಾ,

ನಿನಗೊಂದು ಸುದ್ದಿ ಇದೆ. ಹೂಗ್ಯಂನಿಂದ ಬಂದ ದಿನದಿಂದ ಅದನ್ನು ಬರೆಯಬೇಕೆಂದು ಕೂರುತ್ತೇನೆ, ಎರಡು ಸಾಲು ಬರೆಯುತ್ತೇನೆ, ಒಲೆಯ ಮೇಲೆ ಏನೋ ಇಟ್ಟು ಮರೆತವಳ ಹಾಗೆ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಒಲೆ ಆರಿರುತ್ತದೆ. ಮತ್ತೆ ಬಂದು ಕೂರುತ್ತೇನೆ. ನೀನಿದ್ದಿದ್ದರೆ "ತಳ ಊರಿ ಕೂತ್ಕೊಳೇ ಕುಸ, ಮೊಟ್ಟೆ ಇಕ್ಕೋ ಕೋಳಿ ಆಡ್ದಂಗ್ ಆಡ್ತೀಯಲ್ಲ" ಎನ್ನುತ್ತಿದ್ದೆ. ಸುದ್ದಿಯನ್ನು ಮೊದಲ ಸಾಲಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಕತೆ ಬರೆಯುವವಳ ಚಾಳಿ ನಿನಗೆ ಗೊತ್ತಲ್ಲ. ಅದೂ ಅಲ್ಲದೆ, ಅದನ್ನು ಹೇಳುವ ಮುಂಚೆ ನಿನ್ನ ಜೊತೆ ಸ್ವಲ್ಪ ಜಗಳ ಆಡುವುದಿದೆ.

ಶಿವರಾತ್ರಿಗೆ ಮುಂಚಿನ ಆ ಬೆಳಗುಗಳು ನೆನಪಾಗುತ್ತವೆ. ಕೊಳ್ಳೇಗಾಲದ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಹನೂರಿನ ನಮ್ಮ ಮನೆಯ ಮುಂದೆಯೇ ಹಾದು ಹೋಗಬೇಕು. ಬರಿಗಾಲು, ತಲೆಯ ಮೇಲೆ ಗಂಟು, ನಡುನಡುವೆ ಉಘೇ ಎನ್ನುವ ಕೂಗು. ನೀನು ಜಗುಲಿಯ ಮೇಲೆ ಎರಡು ಗುಡಾಣ ಮಜ್ಜಿಗೆ ಇಟ್ಟುಕೊಂಡು ಕೂರುತ್ತಿದ್ದೆ. ಕರಿಬೇವು, ಶುಂಠಿ, ಕೈತುಂಬ ಉಪ್ಪು. ಬಂದವರಿಗೆಲ್ಲ ಲೋಟ ತುಂಬಿ ಕೊಡುತ್ತಿದ್ದೆ, ಆದರೆ ಒಬ್ಬರ ಮುಖವನ್ನೂ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಅವರ ಪಾದ ನೋಡುತ್ತಿದ್ದೆ. ನಾನು ಯಾಕೆಂದು ಕೇಳಿದ್ದಕ್ಕೆ ನೀನು ಹೇಳಿದೆ: "ಮೊಖ ನೋಡುದ್ರೆ ಇವ್ರು ಯಾರು, ಯಾವೂರು, ಯಾವ್ ಜನ ಅಂತ ಕೇಳ್ಬೇಕು ಅನ್ಸ್ತದೆ. ಪಾದಕ್ಕೆ ಏನಂತ ಕೇಳೀಯೆ?" ಯಾವ ಹರಕೆ ಹೊತ್ತು ನಡೆಯುತ್ತಿದ್ದೀರಿ ಎಂದಂತೂ ಕೇಳುವ ಹಾಗೇ ಇರಲಿಲ್ಲ. ಅದು ನಿನ್ನ ಅತ್ತೆ ನಿನಗೆ ಹೇಳಿಕೊಟ್ಟದ್ದು, ಅವರಿಗೆ ಅವರ ಅತ್ತೆ. ನೀನು ನನಗೆ ಹೇಳಿಕೊಟ್ಟೆ. ನಾನು ಮಾತ್ರ, ಕೇಳುವುದನ್ನೇ ಕಸುಬು ಮಾಡಿಕೊಂಡೆ.

ಆ ಹುಡುಗಿ ಬಂದ ದಿನ ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ. ಕೊಳ್ಳೇಗಾಲದ ಇಂಗ್ಲಿಷ್ ಮೀಡಿಯಂ ಶಾಲೆ, ಒಂಬತ್ತನೇ ತರಗತಿ, ಕುತ್ತಿಗೆಗೆ ಟೈ. ನಡೆಯುವವರ ಒಂದು ಗುಂಪು ಮಜ್ಜಿಗೆ ಕುಡಿದು ಮುಂದೆ ಹೋಗಿತ್ತು. ಅವರ ಹಿಂದೆ, ಅವರಿಗೆ ಸೇರಿದವಳೂ ಅಲ್ಲ ಸೇರದವಳೂ ಅಲ್ಲ ಎನ್ನುವ ಹಾಗೆ ಅವಳೊಬ್ಬಳು. ನನ್ನದೇ ವಯಸ್ಸು. ನೀನು ಲೋಟ ತುಂಬಿದೆ, ಕೈ ಚಾಚಿದೆ, ಕೆಳಗೆ ನೋಡಿದೆ. ಲೋಟ ಅಲ್ಲೇ ನಿಂತಿತು. ಹಿಮ್ಮಡಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು, ಹೆಬ್ಬೆರಳ ಉಗುರು ಎದ್ದಿತ್ತು. "ಈ ಕಾಲಲ್ಲಿ ಬೆಟ್ಟ ಹತ್ತಾಕಾಯ್ತದಾ? ಬಾ, ಒಳೀಕ್ ಬಾ" ಎಂದೆ. ಅಷ್ಟೇ. ಹೆಸರು ಕೂಡ ಅವಳೇ ಹೇಳಿದಳು, ಮಾದೇವಿ ಎಂದು, ಊಟ ಆದ ಮೇಲೆ.

ಅಡುಗೆಮನೆಯಲ್ಲಿ ನಾನು ನಿನ್ನ ಸೆರಗು ಹಿಡಿದು ನಿಂತದ್ದು ನೆನಪಿದೆಯಾ? "ಅವಳು ಒಬ್ಬಳೇ ಯಾಕವ್ವ ಬಂದಿದಾಳೆ?"

"ನಡ್ಕಂಡು ಬಂದವ್ಳೆ."

"ಅದಲ್ಲ, ಯಾಕೆ?"

"ಮಾದಪ್ಪುನ್ ಕೇಳೋಗು."

"ಅವಳ ಮನೆಯವರು ಹುಡುಕ್ತಾ ಇದ್ರೆ?"

"ನಿನ್ ಇಸ್ಕೂಲಲ್ಲಿ ದಿನಾ ಪ್ರಶ್ನೆ ಕೇಳ್ತರಲ್ಲ, ಸಾಲ್ದಾ ನಿಂಗೆ? ಓಗು, ಅವ್ಳ ಕಾಲ್ಗೆ ಬಿಸ್ನೀರು ತಕಂಡೋಗು. ಬಾಯಿ ಇಲ್ಲೇ ಬುಟ್ಬುಟ್ಟು ಓಗು."

ಬಾಯಿ ಇಲ್ಲೇ ಬಿಟ್ಟು ಹೋದೆ. ಅವಳು ಇದ್ದಷ್ಟು ದಿನವೂ ನಾವಿಬ್ಬರೂ ಹಿತ್ತಲ ಕಲ್ಲಿನ ಮೇಲೆ ಕೂತು ಹುಣಸೆಕಾಯಿ ತಿಂದೆವು, ನನ್ನ ಇಂಗ್ಲಿಷ್ ಪದ್ಯಗಳನ್ನು ಕೇಳಿ ಅವಳು ಹೊಟ್ಟೆ ಹಿಡಿದು ನಕ್ಕಳು, ನಾನೊಂದೂ ಪ್ರಶ್ನೆ ಕೇಳಲಿಲ್ಲ. ಒಂದು ಬೆಳಗ್ಗೆ ಇನ್ನೊಂದು ಗುಂಪು ಬಂದಾಗ ಎದ್ದು ಹೊರಟಳು. ನೀನು ನಿನ್ನ ಚಪ್ಪಲಿ ಬಿಚ್ಚಿ ಕೊಟ್ಟೆ. ಅವಳು ಅದನ್ನು ಮೆಟ್ಟಲಿಲ್ಲ, ಕೈಯಲ್ಲಿ ಹಿಡಿದುಕೊಂಡು ನಡೆದಳು. ತಿರುವಿನವರೆಗೂ ನೀನು ಅವಳ ಕಾಲನ್ನೇ ನೋಡುತ್ತಿದ್ದೆ.

ಆಮೇಲೆ ಪ್ರತಿ ವರ್ಷ, ಗುಡಾಣಗಳನ್ನು ತೊಳೆದು ಬೋರಲು ಹಾಕುವಾಗ, ನೀನು ಒಂದೇ ಮಾತು ಹೇಳುತ್ತಿದ್ದೆ. "ಆ ಹೆಣ್ಣು ಬೆಟ್ಟ ಹತ್ತುದ್ಲೋ ಇಲ್ವೋ." ಅದನ್ನು ನನ್ನನ್ನು ಕೇಳುತ್ತಿರಲಿಲ್ಲ. ಯಾರನ್ನೂ ಕೇಳುತ್ತಿರಲಿಲ್ಲ. ಯಾಕೆ ಬಂದಳು, ಎಲ್ಲಿಂದ ಬಂದಳು ಎಂದು ಒಮ್ಮೆಯೂ ಬಾಯಿಗೆ ಬರಲಿಲ್ಲ ನಿನಗೆ. ಹತ್ತಿದಳೋ ಇಲ್ಲವೋ, ಅಷ್ಟೇ. ನನಗೆ ಅದು ಸಿಟ್ಟು ಬರಿಸುತ್ತಿತ್ತು. ಒಂದು ಹುಡುಗಿ ಮನೆ ಬಿಟ್ಟು ರಸ್ತೆಗೆ ಬಂದಿದ್ದಾಳೆ, ನಿನಗೆ ಅವಳ ಹಿಮ್ಮಡಿಯ ಚಿಂತೆ! ಇವತ್ತು ಅಂಥ ಮಗು ನನ್ನ ಬಾಗಿಲಿಗೆ ಬಂದರೆ ನಾನು ಮೊದಲು ಸಹಾಯವಾಣಿಗೆ ಫೋನ್ ಮಾಡುತ್ತೇನೆ. ಮಾಡಲೇಬೇಕು. ಕೇಳದೇ ಇರುವುದು ಮರ್ಯಾದೆಯೋ, ಕೈತೊಳೆದುಕೊಳ್ಳುವುದೋ? ಇದೇ ನೋಡು ನನ್ನ ಜಗಳ. ನೀನು ಬದುಕಿದ್ದಾಗ ಇದನ್ನು ನೇರವಾಗಿ ಆಡಿದ್ದರೆ...

ಮೊದಲ ಪುಸ್ತಕ ಬಂದಾಗ ನೀನು ಅದನ್ನು ತಿರುವಿ ತಿರುವಿ ನೋಡಿದ್ದು ನೆನಪಾಗುತ್ತದೆ. ಇಂಗ್ಲಿಷು, ಹೊಳೆಯುವ ರಕ್ಷಾಪುಟ. "ಯಾರ್ಗೆ ಬರ್ದಿರೋದು ಇದ?"

"ಹದಿನಾಲ್ಕು ಹದಿನೈದು ವರ್ಷದವರಿಗೆ."

"ಅತ್ಲಾಗೆ ಮಕ್ಳೂ ಅಲ್ಲ, ಇತ್ಲಾಗೆ ದೊಡ್ಡೋರೂ ಅಲ್ಲ. ಆ ವಯಸ್ನೋವು ಅವ್ವ ಅಪ್ಪ ಏಳುದ್ನೇ ಕೇಳಲ್ಲ, ನೀ ಏಳುದ್ ಕೇಳವಾ?"

ಕೇಳಲಿಲ್ಲ. ಆ ಪುಸ್ತಕವನ್ನೂ ಅದರ ನಂತರದ್ದನ್ನೂ ಯಾರೂ ಕೇಳಲಿಲ್ಲ. ಎರಡರಲ್ಲೂ ನಾನು ಕಾಣದ ಊರುಗಳ ಮಕ್ಕಳು ನಾನಾಡದ ಮಾತುಗಳನ್ನು ಆಡುತ್ತಿದ್ದರು. ಮೂರನೆಯದನ್ನು ಕನ್ನಡದಲ್ಲಿ ಬರೆಯುತ್ತೇನೆಂದಾಗ ನನಗೇ ಧೈರ್ಯವಿರಲಿಲ್ಲ. ಮಾತಾಡುವ ಕನ್ನಡ ನಿನ್ನದು, ಬರೆಯುವ ಕನ್ನಡ ನಾನು ತಡವಾಗಿ, ಕದ್ದುಮುಚ್ಚಿ ಕಲಿತದ್ದು. ಆದರೂ ಬರೆದೆ. ನೀನು ಓದಲಿ ಎಂದು ಬರೆದೆನೋ, ಆ ಹುಡುಗಿ ತಲೆಯಿಂದ ಇಳಿಯಲಿ ಎಂದು ಬರೆದೆನೋ. ಅವಳಿಗೆ ಸುಮ ಎಂದು ಹೆಸರಿಟ್ಟೆ, ನಮ್ಮ ಮನೆಯನ್ನು ಎತ್ತಿ ಕೌದಳ್ಳಿಯಲ್ಲಿ ಇಟ್ಟೆ. ನಾನು ಕೇಳದೇ ಉಳಿದ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ. ಒಲ್ಲದ ಮದುವೆ ತಪ್ಪಿಸಿಕೊಂಡು ಬಂದವಳು ಎಂದೆ. ಕೊನೆಗೆ ಅವಳು ಮನೆಗೆ ಹಿಂದಿರುಗುತ್ತಾಳೆ, ಅಪ್ಪ ಅಳುತ್ತಾನೆ, ಶಾಲೆಗೆ ಕಳಿಸುತ್ತಾನೆ.

ನೀನು ಅದನ್ನು ಓದಿದ ಮಧ್ಯಾಹ್ನಗಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಜಗುಲಿಯ ಕಂಬಕ್ಕೆ ಒರಗಿ, ಕನ್ನಡಕ ಮೂಗಿನ ತುದಿಗೆ, ತುಟಿ ಅಲುಗುತ್ತಾ. ಓದಿ ನಿಲ್ಲಿಸಿದ ಪುಟಕ್ಕೆ ಹೊಗೆಸೊಪ್ಪಿನ ಚೀಟಿಯೇ ನಿನ್ನ ಗುರುತು. ಮುಗಿದ ದಿನ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟೆ. "ಚೆಂದಾಗ್ ಬರ್ದಿದೀಯ ಕುಸ. ಆದ್ರೆ ಇವ್ಳು ಅವ್ಳಲ್ಲ, ಬುಡು." ಹಾಗೆಂದರೇನು ಎಂದು ನಾನು ಕೇಳಲಿಲ್ಲ. ಅವಳಲ್ಲ ಎಂದ ಮೇಲೆ ನಾನು ಯಾರ ಬದುಕನ್ನೂ ಎತ್ತಿಕೊಂಡಿಲ್ಲ ಎಂದು ಸಮಾಧಾನ. ಅವಳಲ್ಲ ಎಂದ ಮೇಲೆ ನನಗೆ ಬರೆಯಲು ಬಂದಿಲ್ಲ ಎಂದು ಉರಿ. ಎರಡೂ ಒಟ್ಟಿಗೇ.

ಅದಕ್ಕೇ ಪ್ರಶಸ್ತಿ ಬಂತಲ್ಲ. ಬೆಂಗಳೂರಿನಲ್ಲಿ ಸಮಾರಂಭ. ನಿನ್ನನ್ನು ಕರೆದುಕೊಂಡು ಹೋಗಲು ಕಾರು ಗೊತ್ತುಮಾಡಿ, ಕೊಳ್ಳೇಗಾಲದ ರೇಷ್ಮೆ ಸೀರೆ ತಂದಿಟ್ಟು ಕಾದರೆ, ನೀನು ಸೊಂಟಕ್ಕೆ ಕೈ ಕೊಟ್ಟು ನಿಂತೆ. "ಶಿವರಾತ್ರಿ ಮುಂದಿಟ್ಕಂಡು ಬೆಂಗ್ಳೂರ್ಗೆ ಬರಾದಾ? ಜನ ನಡ್ಕಂಡ್ ಬತ್ತಾವರೆ, ಅವರ್ಗೆ ನಿನ್ ಪ್ರಶಸ್ತಿ ಕುಡಿಯಾಕ್ ಕೊಡ್ಲಾ?" ನಾನು ಒಬ್ಬಳೇ ಹೋಗಿ ಬಂದೆ. ಫಲಕ ಕೊಟ್ಟರು, ಹಾರ ಹಾಕಿದರು, ಶಾಲು ಹೊದಿಸಿದರು. ಮರುದಿನ ಹನೂರಿಗೆ ಬಂದು ಎಲ್ಲವನ್ನೂ ನಿನ್ನ ಕೈಗೆ ಕೊಟ್ಟು, ಮುಖ ತೊಳೆದು ಬರುವಷ್ಟರಲ್ಲಿ ಆ ಶಾಲು ಒದ್ದೆಯಾಗಿ ಮಜ್ಜಿಗೆ ಗುಡಾಣಕ್ಕೆ ಸುತ್ತಿಕೊಂಡಿತ್ತು, ತಣ್ಣಗಿರಲಿ ಎಂದು. ಎಷ್ಟು ಕೂಗಾಡಿದೆ ನಾನು! ನೀನು ಲೋಟ ಚಾಚಿದೆ. "ಕುಡ್ದು ಆಮೇಲ್ ಬಯ್ಯಿ."

ನೀನು ಹೋದ ಮೇಲಿನ ಮೊದಲ ಶಿವರಾತ್ರಿ ಹೇಗಿತ್ತು ಗೊತ್ತಾ? ಏನೋ ತರಲೆಂದು ಹನೂರಿಗೆ ಬಂದಿದ್ದೆ. ಮುಂಬಾಗಿಲು ತೆರೆಯಲಿಲ್ಲ. ಕಿಟಕಿಯ ಸಂದಿನಿಂದ ನೋಡಿದೆ. ನಡೆಯುವವರು ನಮ್ಮ ಮನೆಯ ಹತ್ತಿರ ಬಂದಾಗ ತಾವಾಗಿಯೇ ನಿಧಾನವಾಗುತ್ತಿದ್ದರು. ಖಾಲಿ ಜಗುಲಿ ನೋಡುತ್ತಿದ್ದರು. ಒಬ್ಬ ಮುದುಕ "ಆಯಮ್ಮ ಇಲ್ವೇನೋ" ಎಂದ. ಇನ್ನೊಬ್ಬ ಉಘೇ ಎಂದ. ಹೋದರು. ಆವತ್ತಿನಿಂದ ನಾನು ಒಂದು ಪುಟವನ್ನೂ ಪೂರ್ತಿ ಬರೆದಿಲ್ಲ, ಅವ್ವ. ಮೇಜಿನ ಮುಂದೆ ಕೂರುವುದು, ಏಳುವುದು. ಪುಸ್ತಕದ ಎರಡನೇ ಭಾಗ ಎಲ್ಲಿ ಎಂದು ನಮ್ಮ ಪ್ರಕಾಶಕಿ ಫೋನ್ ಮಾಡುತ್ತಲೇ ಇದ್ದರು. ಸುಮ ದೊಡ್ಡವಳಾಗಿ ಏನಾದಳು ಎಂದು ಎಲ್ಲ ಶಾಲೆಗಳಲ್ಲಿ ಕೇಳುತ್ತಾರಂತೆ. ಏನಾದಳು? ನನಗೆ ಹೇಗೆ ಗೊತ್ತು? ಮತ್ತೊಂದು ಉತ್ತರ ಕಟ್ಟಲು ಕೈ ಬರಲಿಲ್ಲ.

ಯಳಂದೂರಿನ ಒಂದು ಶಾಲೆಗೆ ಹೋದದ್ದೂ ಪ್ರಕಾಶಕಿಯ ಒತ್ತಾಯಕ್ಕೆ. ಲೈಬ್ರರಿಯಲ್ಲಿ ಮಕ್ಕಳು ನೆಲದ ಮೇಲೆ ಕೂತಿದ್ದರು. ಹತ್ತನೇ ತರಗತಿಯ ಒಬ್ಬಳು, ಹಾಸ್ಟೆಲಿನಲ್ಲಿದ್ದು ಓದುವವಳು, ಎದ್ದು ನಿಂತಳು. ಪವಿತ್ರ ಅಂತ ಹೆಸರು.

"ಮೇಡಮ್, ಸುಮ ಯಾಕೆ ವಾಪಸ್ ಮನೆಗೆ ಓಯ್ತಾಳೆ?"

ನನ್ನ ಹತ್ತಿರ ಇದಕ್ಕೊಂದು ಸಿದ್ಧ ಉತ್ತರವಿದೆ. ಭರವಸೆ, ಬದಲಾಗುವ ತಂದೆ, ಇತ್ಯಾದಿ. ಹೇಳಿದೆ. ಅವಳು ಕೂರಲಿಲ್ಲ. "ನಮ್ಮವ್ವನ್ಗೆ ಓದಿ ಹೇಳ್ದೆ ಮೇಡಮ್. ಆ ಜಾಗಕ್ಕೆ ಬಂದಾಗ ನಮ್ಮವ್ವ ನಕ್ಬುಟ್ಲು."

ಮಕ್ಕಳೆಲ್ಲ ನಕ್ಕರು. ಟೀಚರು ಅವಳನ್ನು ಕೂರಿಸಲು ಕೈ ಮಾಡಿದರು. ಅವಳು ಬಿಡಲಿಲ್ಲ. "ಇನ್ನೊಂದ್ ಮೇಡಮ್. ಮಜ್ಜಿಗೆ ಕೊಡೋ ಅಮ್ಮ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರು ಅಂತ ಬರ್ದಿದೀರಲ್ಲ, ಅವ್ರು ಮೊಖಾನೇ ನೋಡ್ತಿರ್ನಿಲ್ವಂತೆ. ಪಾದ ನೋಡ್ತಿದ್ರಂತೆ. ಮನೆ ಕೌದಳ್ಳೀಲೂ ಅಲ್ವಂತೆ, ಹನೂರಂತೆ."

ಅವ್ವಾ, ನನಗೆ ಆಗ ಏನಾಯಿತು ಎಂದು ಬರೆಯಲು ನಾಲ್ಕು ಸಲ ಪ್ರಯತ್ನಿಸಿ ಹೊಡೆದು ಹಾಕಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಆ ಮಗುವನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ "ನಿಮ್ಮವ್ವನ ಹೆಸರೇನು" ಎಂದೆ. ನಾನು ಕೇಳುವ ಮುಂಚೆಯೇ ನನಗೆ ಗೊತ್ತಿತ್ತು.

ಪ್ರಕಾಶಕಿಗೆ ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ಅವರು ಫೋನಿನಲ್ಲೇ ಎದ್ದು ನಿಂತ ಹಾಗಾಯಿತು. "ಅವರನ್ನ ಭೇಟಿ ಮಾಡಿ, ಎಲ್ಲಾ ಕೇಳಿ, ರೆಕಾರ್ಡ್ ಮಾಡ್ಕೊಳ್ಳಿ. ಎರಡನೇ ಭಾಗ ನಿಜ ಕತೆ ಅಂತಲೇ ಹಾಕೋಣ." ನನಗೂ ಬೇಕಾಗಿತ್ತು. ಸುಳ್ಳು ಹೇಳುವುದಿಲ್ಲ, ಮುಖ್ಯವಾಗಿ ನಿನಗೆ. ಇಷ್ಟು ವರ್ಷ ಬಾಯಿಯಲ್ಲಿ ಒತ್ತಿ ಹಿಡಿದ ಪ್ರಶ್ನೆ ಅದು. ಅದಕ್ಕೆ ಉತ್ತರ ಸಿಕ್ಕರೆ ಮತ್ತೆ ಬರೆಯಲು ಬರುತ್ತದೆ, ಸಿಗದಿದ್ದರೆ ಇನ್ನು ಬರೆಯಲಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹನೂರಿನಲ್ಲಿ ಬಸ್ಸು ಬದಲಿಸಿ ಪವಿತ್ರನ ಊರು ಹೂಗ್ಯಂಗೆ ಹೋದೆ. ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ತಮಿಳಿನಲ್ಲಿ ಮಗಳನ್ನು ಬಯ್ಯುತ್ತಾ ಕನ್ನಡದಲ್ಲಿ ಮುದ್ದು ಮಾಡುತ್ತಿದ್ದಳು. ಬೇರೆ ದಿನವಾಗಿದ್ದರೆ ಅದನ್ನೇ ಕೇಳುತ್ತಾ ಕೂರುತ್ತಿದ್ದೆ.

ಮಾದೇವಿ ಜೋಳದ ಹೊಲದ ಬೇಲಿಯ ಹತ್ತಿರ ನಿಂತಿದ್ದರು. ಹಿಂದಿನ ರಾತ್ರಿ ಆನೆ ಬಂದು ಒಂದು ಮೂಲೆ ತುಳಿದಿತ್ತಂತೆ. ನನ್ನನ್ನು ನೋಡಿ, "ಟೈ ಎಲ್ಲೋಯ್ತು?" ಎಂದರು.

ಮನೆಯೊಳಗೆ ಕೂರಿಸಿ ಮೊದಲು ನಿನ್ನನ್ನು ಕೇಳಿದರು. ಹೇಳಿದೆ. "ಪಾದ ನೋಡೋ ತಾಯಿ ಓಗ್ಬುಟ್ರಾ" ಎಂದರು. ಆಮೇಲೆ ನನ್ನ ಪುಸ್ತಕದ ಮಾತು ಬಂತು. ಮಗಳು ರಜೆಗೆ ಬಂದಾಗ ಪೂರ್ತಿ ಓದಿ ಹೇಳಿದ್ದಾಳೆ.

"ಚೆನ್ನಾಗದೆ ಅಕ್ಕ. ಅಳು ಬಂತು. ಆ ಹೆಣ್ಣು ಯಾವ್ದೋ ಪಾಪ, ಅದ್ರ ಕಷ್ಟ ಅದಕ್ಕೆ."

ಯಾವುದೋ. ಇವ್ಳು ಅವ್ಳಲ್ಲ ಬುಡು. ನೀವಿಬ್ಬರೂ ಮಾತಾಡಿಕೊಂಡಿದ್ದಿರೇನು?

ನಾನು ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅವರು ಅದನ್ನು ನೋಡಿದರು. ದಡ್ಡರಲ್ಲ. "ಕೇಳೋಕ್ ಬಂದಿದೀರಿ" ಎಂದರು. "ಕೇಳಿ. ನೀವ್ ಕೇಳುದ್ರೆ ಏಳ್ತೀನಿ. ಈಗೇನ್ ಭಯ ನಂಗೆ?"

"ನಮ್ಮವ್ವ ಒಂದು ಸಲವೂ ಕೇಳಲಿಲ್ಲ, ಅಲ್ವಾ" ಎಂದೆ. ಬಾಯಿಗೆ ಬಂದದ್ದು ಅದು.

"ಕೇಳ್ನಿಲ್ಲ. ಕೇಳಿದ್ರೆ ಸುಳ್ ಏಳ್ಬೇಕಾಯ್ತಿತ್ತು. ಸುಳ್ಳೇಳಿ ಆ ಮನೇಲಿ ಉಣ್ಣಾಕಾಯ್ತಿತ್ತಾ? ಎದ್ದು ಓಯ್ತಿದ್ದೆ. ಆ ಕಾಲಲ್ಲಿ ಎಲ್ಲೀಗಂತ ಓಗೋದು? ಅವ್ರು ಕೇಳ್ನಿಲ್ಲ, ನಾನು ಉಳ್ಕಂಡೆ."

ಅಂದರೆ ಅವ್ವ, ನಾನು ಇಷ್ಟು ವರ್ಷ ನಿನ್ನ ಮೇಲೆ ಹೊರಿಸಿದ ಉದಾಸೀನ... ಇಲ್ಲ, ಇಷ್ಟಕ್ಕೇ ಪೂರ್ತಿ ಸೋಲುವುದಿಲ್ಲ ನಾನು. ಎಲ್ಲ ಹುಡುಗಿಯರಿಗೂ ನಿನ್ನ ಜಗುಲಿ ಸಿಗುವುದಿಲ್ಲ. ಕೆಲವರನ್ನು ಕೇಳಲೇಬೇಕು, ಗಟ್ಟಿಯಾಗಿ ಕೇಳಬೇಕು. ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂದು ಪಾದ ನೋಡಿಯೇ ಗೊತ್ತಾಗುತ್ತಿತ್ತಾ ನಿನಗೆ? ಅದನ್ನು ನನಗೆ ಯಾಕೆ ಹೇಳಿಕೊಡಲಿಲ್ಲ?

ಮಾದೇವಿ ಒಳಗೆ ಹೋಗಿ ಮಜ್ಜಿಗೆ ತಂದರು. ಕರಿಬೇವು, ಶುಂಠಿ, ಕೈತುಂಬ ಉಪ್ಪು. ಲೋಟ ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. ತಲೆ ಬಗ್ಗಿಸಿ ನನ್ನ ಕಾಲು ನೋಡಿದರು. ಅದು ಅಭ್ಯಾಸವೋ, ನನಗೆಂದೇ ಮಾಡಿದ್ದೋ. ನಾನು ಲೋಟ ಖಾಲಿ ಮಾಡಿ ಫೋನನ್ನು ಚೀಲಕ್ಕೆ ಹಾಕಿದೆ. ಅದು ಮರ್ಯಾದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳಲಾರೆ, ಹೆದರಿದ್ದೂ ಇರಬಹುದು. ನಾನು ಕಟ್ಟಿದ ಉತ್ತರಕ್ಕಿಂತ ಅವರ ಉತ್ತರ ಚಿಕ್ಕದಾಗಿದ್ದರೆ? ದೊಡ್ಡದಾಗಿದ್ದರೆ?

ಪ್ರಕಾಶಕಿಗೆ ಎರಡನೇ ಭಾಗ ಬರೆಯುವುದಿಲ್ಲ ಎಂದು ಹೇಳಿದ್ದೇನೆ. ಸಿಟ್ಟಾಗಿದ್ದಾರೆ, ನ್ಯಾಯವೇ. ಬೇರೆಯದೊಂದು ಶುರು ಮಾಡಿದ್ದೇನೆ ಎಂದೆ. ಒಂದು ಮನೆಗೆ ಒಬ್ಬಳು ಹುಡುಗಿ ಬರುತ್ತಾಳೆ, ಕೆಲವು ದಿನ ಇರುತ್ತಾಳೆ, ಹೋಗುತ್ತಾಳೆ. ಅವಳ ಜೊತೆ ಹುಣಸೆಕಾಯಿ ತಿಂದವಳು ಕತೆ ಹೇಳುತ್ತಾಳೆ. ಯಾಕೆ ಬಂದಳು ಎಂದು ಎಲ್ಲೂ ಬರುವುದಿಲ್ಲ. "ಮಕ್ಕಳು ಕೇಳ್ತಾರೆ" ಎಂದರು. ಕೇಳಲಿ ಎಂದೆ. ಅದನ್ನು ಅವರು ಅಚ್ಚು ಹಾಕುತ್ತಾರೋ ಇಲ್ಲವೋ, ಅಂಥ ಕತೆ ಆ ವಯಸ್ಸಿನವರಿಗೆ ಹಿಡಿಸುತ್ತದೋ ಇಲ್ಲವೋ ನನಗೆ ತಿಳಿಯದು. ಆದರೆ ಪುಟಗಳು ತುಂಬುತ್ತಿವೆ. ಏಳುತ್ತೇನೆ, ಅಡುಗೆಮನೆಗೆ ಹೋಗುತ್ತೇನೆ, ಮತ್ತೆ ಬಂದು ಬರೆಯುತ್ತೇನೆ.

ಈ ಶಿವರಾತ್ರಿಗೆ ಗುಡಾಣಗಳನ್ನು ಇಳಿಸುತ್ತೇನೆ, ಅವ್ವ. ಮಾದೇವಿ ಬರುತ್ತಾರೆ. ಪವಿತ್ರನೂ ಬರುತ್ತಾಳಂತೆ, ಪರೀಕ್ಷೆಗೆ ಓದುವ ಪುಸ್ತಕ ತಂದುಕೊಂಡು, ಜಗುಲಿಯ ಮೇಲೆ ಕೂತು ಓದುತ್ತಾಳಂತೆ. ಆ ಶಾಲು ಇನ್ನೂ ಇದೆ, ಉಪ್ಪಿನ ಕಲೆ ಹೋಗಿಲ್ಲ. ಒದ್ದೆ ಮಾಡಿ ಸುತ್ತುತ್ತೇನೆ. ಮುಖ ನೋಡಿಬಿಡುತ್ತೇನೇನೋ ಎಂಬ ಭಯ ಮಾತ್ರ ಇದೆ. ನೋಡಿದರೆ ಕೇಳಿಬಿಡುತ್ತೇನೆ, ನನಗೆ ಗೊತ್ತು. ನೀನು ಎಲ್ಲಿದ್ದರೂ ತಲೆಗೊಂದು ಮೊಟಕು.

ಹೂಗ್ಯಂನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಒಂದೇ ಒಂದು ಪ್ರಶ್ನೆ ಕೇಳಿದೆ. ನನ್ನದಲ್ಲ, ನಿನ್ನದು. ಮಾದೇವಿ ನಕ್ಕರು. "ದ್ಯಾವ್ರ ದಾರೀಲಿ ನಿಮ್ಮವ್ವನ್ ಚಪ್ಲಿ ಮೆಟ್ಟಂಗಿಲ್ಲ, ಬುಟ್ಟೋಗಾಕೂ ಮನಸಿಲ್ಲ. ಗಂಟಲ್ಲಿ ಕಟ್ಟಿ ತಲೆ ಮ್ಯಾಲ್ ಇಟ್ಕಂಡೆ. ಇಳಿಯೋವಾಗ ಮೆಟ್ಕಂಡು ಇಳ್ದೆ."

ಹತ್ತಿದಳಂತೆ, ಅವ್ವ.

ನಿನ್ನ
ಕುಸ